ಪವಿಯ ತಾಯಿಗೆ ಉಡಿ ತುಂಬಿದ ದಿನ

ವೀರಭದ್ರೇಶ್ವರನನ್ನು ನಂಬಿದ ಬಂಧುಗಳೆಲ್ಲರಿಗೆ ತಿಳವಳ್ಳಿಯ ಗಿರಣಿ ಮನೆಯ ಗಿರಿಜವ್ವಳ ಶರಣು. ಬೇಡಿದ್ದು ಸಿಕ್ಕ ಮೇಲೆ ಅಳಬಾರದು. ನನ್ನ ಅಳು ಇನ್ನೂ ನಿಂತಿಲ್ಲ. ಆದರೂ ನಿಮಗೆ ಹೇಳಲೇಬೇಕು.

ನಮಗೆ ಮಕ್ಕಳಿಲ್ಲ. ಹೆತ್ತವರ ಆಸರೆ ತಪ್ಪಿದ ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸದೆ ಯಾರದಾದರೂ ಮನೆಯಲ್ಲಿಟ್ಟು ಬೆಳೆಸುವ ಸಂಸ್ಥೆಯೊಂದು ಹಾನಗಲ್ಲಿನಲ್ಲಿದೆ. ಹೋದ ಆಷಾಢದಲ್ಲಿ ಅಲ್ಲಿಯ ಶೋಭಾ ಮೇಡಂ ನಾಲ್ಕು ವರ್ಷದ ಪವಿಯನ್ನು ನಮ್ಮಲ್ಲಿಗೆ ಕರೆತಂದರು. ಊರು ಚಿಕ್ಕೇರೂರು. ತಂದೆ ತೀರಿಕೊಂಡಿದ್ದ. ತಾಯಿ ಮಂಜುಳಾ ಟಿ.ಬಿ. ಹೆಚ್ಚಾಗಿ ಹುಬ್ಬಳ್ಳಿಯ ಆಸ್ಪತ್ರೆ ಸೇರಿದ್ದಳು.

"ಇವರವ್ವ ಆರಾಮ ಆಗೂ ತನಕ ಅಷ್ಟರಿ," ಎಂದರು ಮೇಡಂ.

"ಆತ್ರಿ," ಎಂದುಬಿಟ್ಟೆ. ಹೇಳುವುದಕ್ಕೇನು.

ಮಗು ಉಣ್ಣಲಿಲ್ಲ, ಕಾಲಿನ ಚಪ್ಪಲಿಯನ್ನೂ ಬಿಡಲಿಲ್ಲ. ಬಾಗಿಲಲ್ಲಿ ಕೂತು ಹೋಗಿ ಬರುವ ಬಸ್ಸು ನೋಡುತ್ತಿತ್ತು. ಕಡೆಗೆ ದೇವರ ಮುಂದೆ ಕೂರಿಸಿಕೊಂಡೆ. "ನಮ್ಮವ್ವನ್ನ ಆರಾಮ ಮಾಡಪ್ಪ ಅಂತ ಬೇಡ್ಕೊ. ಆಮ್ಯಾಲೆ ಉಣ್ಣೂಣು." ಬೇಡಿಕೊಂಡು ಅರ್ಧ ರೊಟ್ಟಿ ತಿಂದಿತು. ಅಂದಿನಿಂದ ಮೊದಲ ತುತ್ತಿಗೆ ಮುಂಚೆ ಇಬ್ಬರೂ ಕೂಡಿ ಅದನ್ನೇ ಹೇಳುವುದು ರೂಢಿಯಾಯಿತು.

ದಿನ ಕಳೆದಂತೆ ಪವಿ ನನ್ನನ್ನು ದೊಡ್ಡವ್ವ ಎಂದು ಕರೆದಳು. ನನ್ನ ಸೆರಗು ಮುಷ್ಟಿಯಲ್ಲಿ ಹಿಡಿಯದೆ ಮಲಗುತ್ತಿರಲಿಲ್ಲ. ನಾನು ಅವಳನ್ನು ಹಚ್ಚಿಕೊಂಡುಬಿಟ್ಟೆ.

ದೀಪಾವಳಿ ಮುಗಿದ ಮೇಲೆ ಮಂಜುಳಾಳಿಗೆ ಗುಳಿಗೆ ನಾಟುತ್ತಿಲ್ಲ ಎಂದು ಸುದ್ದಿ ಬಂತು. ಹುಬ್ಬಳ್ಳಿಗೆ ಹೋಗಿ ನೋಡಿದೆ. ಮಂಚದ ಮೇಲೆ ಎಲುಬಷ್ಟೇ ಉಳಿದಿತ್ತು. ಮಾಸ್ಕಿನೊಳಗಿಂದ ಅಂದಳು: "ಅಕ್ಕಾರ, ನಾ ಉಳ್ಯಾಂಗಿಲ್ಲ ಅನಸ್ತೈತ್ರಿ. ಪವೀನ ನೀವ ಇಟ್ಕೋರಿ."

ತಿರುಗಿ ಬರುವಾಗ ಶಿಗ್ಗಾವಿ ದಾಟಿದರೂ ಕಣ್ಣೀರು ನಿಲ್ಲಲಿಲ್ಲ. ಆ ಮಗು ನನಗೇ ಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು. ಅದಕ್ಕೆ ಅವಳ ತಾಯಿ ಸಾಯಬೇಕಿತ್ತು.

ಅಂದು ಊಟಕ್ಕೆ ಕೂತಾಗ ನನ್ನ ನಾಲಿಗೆ ಏಳಲಿಲ್ಲ. "ದೊಡ್ಡವ್ವ, ನೀ ಯಾಕ ಅನವಲ್ಲಿ?" ಎಂದು ಪವಿ ನನ್ನ ಎರಡೂ ಕೈ ಹಿಡಿದು ಜೋಡಿಸಿದಳು. ಹೇಳಿದೆ. ಅವಳವ್ವನನ್ನು ಆರಾಮ ಮಾಡಪ್ಪ ಎಂದೆ.

ಆಮೇಲೆ ಡಾಕ್ಟರು ಗುಳಿಗೆ ಬದಲಿಸಿದರು. ಸಂಕ್ರಾಂತಿ ಹೊತ್ತಿಗೆ ಜ್ವರ ಬಿಟ್ಟಿತು. ಗುಳಿಗೆ ಮುಂದುವರಿಸಬೇಕು, ಮಗುವಿಗೆ ಅಂಟುವ ಭಯವಿಲ್ಲ ಎಂದರು. ಯುಗಾದಿ ಆದ ಮೇಲೆ ಶೋಭಾ ಮೇಡಂ ಜೊತೆ ಮಂಜುಳಾ ತನ್ನ ಕಾಲ ಮೇಲೆ ನಡೆದು ನಮ್ಮ ಮನೆಗೆ ಬಂದಳು. ಪವಿ ಓಡಿಹೋಗಿ ಅವಳ ಕೊರಳಿಗೆ ಬಿದ್ದಳು.

ಹೊರಡುವಾಗ ಮಂಜುಳಾಳ ಮಡಿಲಿಗೆ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಕುಬಸದ ಖಣ ತಂದೆ. ಮಂಜುಳಾ ಸೆರಗು ಹಿಂದಕ್ಕೆ ಎಳೆದುಕೊಂಡಳು. "ನನಗ ಯಾಕ್ರಿ, ಗಂಡ ಇಲ್ದಾಕಿಗೆ? ಉಡಿ ತುಂಬಾಕ ತವರ ಸೈತ ಇಲ್ಲ ನನಗ."

ವಿಧವೆಗೆ ಉಡಿ ತುಂಬುವ ರೂಢಿ ನಮ್ಮಲ್ಲಿಯೂ ಇಲ್ಲ. ನನ್ನ ಕೈ ನಿಂತಿತು. ದಿನವಿಡೀ ಗಿರಣಿಯ ಸದ್ದಿನಲ್ಲಿದ್ದು ಮಾತೇ ಕಡಿಮೆಯಾದ ನಮ್ಮವರು ಬಾಗಿಲಿನಿಂದ ಅಂದರು: "ಮಗಳನ್ನ ಬರೇ ಉಡೀಲೆ ಕಳಸ್ತಾರೇನು? ತುಂಬು."

ತುಂಬಿದೆ. ಮಂಜುಳಾ ನನ್ನ ಭುಜಕ್ಕೆ ಮುಖ ಇಟ್ಟು "ಅವ್ವಾ" ಎಂದು ಅತ್ತಳು. ಆ ಮಾತು ಪವಿಯ ಬಾಯಲ್ಲಿ ಕೇಳಬೇಕೆಂದು ಎಷ್ಟು ಆಸೆಪಟ್ಟಿದ್ದೆನೋ.

ಬಸ್ಸಿನಲ್ಲಿ ಪವಿ ತಾಯಿಯ ತೊಡೆಯ ಮೇಲೆ ಕೂತು ನಗುತ್ತ ಏನೋ ಹೇಳುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ಬಸ್ಸು ಹೋಯಿತು.

ಉಡಿ ತುಂಬಿಸಿಕೊಂಡ ಮಗಳನ್ನು ನಾಗರ ಪಂಚಮಿಗೆ ತವರಿಗೆ ಕರೆಯಬೇಕು, ಕರೆಯುತ್ತೇವೆ. ಅಲ್ಲಿಯವರೆಗೆ ಮನೆ ಬಿಕೋ ಎನ್ನುತ್ತದೆ, ಊಟ ಸೇರುವುದಿಲ್ಲ. ಆದರೂ ದಿನಾ ದೇವರಿಗೆ ದೀಪ ಹಚ್ಚಿ ಕೈಮುಗಿಯುತ್ತೇನೆ. ನನ್ನ ಎದೆಯೊಳಗಿದ್ದ ಆಸೆಯೂ ಆತನಿಗೆ ಕೇಳಿಸಿರಲೇಬೇಕು. ಆತ ಮಗುವಿನ ಮಾತನ್ನು ನಡೆಸಿಕೊಟ್ಟ. ಅಂಥವನನ್ನು ನಂಬದೆ ಇನ್ನಾರನ್ನು ನಂಬಲಿ?