ದೇವವ್ವ ಟೀಚರು ಕಲಿತ ಹೀಬ್ರೂ

ಮುಂಡರಗಿಯ ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದ ದೇವವ್ವ ಟೀಚರು ದೇವಶಾಸ್ತ್ರದಲ್ಲಿ ಪದವಿ ಪಡೆದವರೆಂದು ನಮಗಾರಿಗೂ ಗೊತ್ತಿರಲಿಲ್ಲ. ನಾನೂ ಮಾಸ್ತರನಾಗಿ ಅದೇ ಶಾಲೆಗೆ ಬಂದ ಮೇಲೆ, ಒಂದು ದಿನ ಕೇಳಿದ್ದಕ್ಕೆ ಎಲ್ಲ ಹೇಳಿದರು.

ಅವರ ತಂದೆ ನೀಲಪ್ಪ ಬೆಟಗೇರಿಯಲ್ಲಿ ಮಿಶನ್ನಿನ ದವಾಖಾನೆಯೊಂದರ ಗೇಟು ಕಾಯುತ್ತಿದ್ದರು. ಮೂಲ ಊರು ಅಂತೂರ ಬೆಂತೂರ. ಅಜ್ಜನ ಕಾಲಕ್ಕೆ ಕ್ರೈಸ್ತರಾದ ಮನೆತನ. ಹೆಸರುಗಳು ಮಾತ್ರ ಹಳೆಯವೇ ಉಳಿದಿದ್ದವು. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದರಿಂದ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಸ್ವಾತಂತ್ರ್ಯ ಬಂದು ಮೂರು ವರ್ಷಕ್ಕೆ, ತಮ್ಮ ದೇಶಕ್ಕೆ ಹೊರಟು ನಿಂತ ದವಾಖಾನೆಯ ಡಾಕ್ಟರಮ್ಮ ಒಂದು ಪತ್ರ ಬರೆದು, ಕಲ್ಕತ್ತೆಯಾಚೆ ನದಿದಂಡೆಯ ಒಂದು ಸಣ್ಣ ವಿದ್ಯಾಪೀಠದಲ್ಲಿ ದೇವವ್ವನಿಗೆ ಜಾಗ ಕೊಡಿಸಿದರು. ಹೆಣ್ಣುಮಗಳಿಗೆ ಪಾದ್ರಿಗಳ ಓದು ಯಾಕೆಂದು ಚರ್ಚಿನ ಸಭೆಯ ಹಿರಿಯರು ಕೇಳಿದರು. ನೀಲಪ್ಪನಿಗೆ ಓದು ಬರುತ್ತಿರಲಿಲ್ಲ.

“ದೇವರ ವಿಚಾರ ಗಂಡಸರಷ್ಟ ತಿಳಕೋಬೇಕು ಅಂತ ಎಲ್ಲಿ ಬರದೈತ್ರಿ?” ಎಂದು ಅವರು ಹಿರಿಯರನ್ನೇ ಕೇಳಿದರಂತೆ. ಮಗಳನ್ನು ಗದಗ ಸ್ಟೇಶನ್ನಿನಲ್ಲಿ ರೈಲು ಹತ್ತಿಸಿ ಬಂದರು.

ವಿದ್ಯಾಪೀಠದಲ್ಲಿ ಮೂವತ್ತೆರಡು ವಿದ್ಯಾರ್ಥಿಗಳು. ಹೆಣ್ಣು ಇವರೊಬ್ಬರೇ. ಗಂಡಸರ ವಸತಿ ಕಾಲೇಜಿನೊಳಗೆ. ಇವರಿಗೆ ಒಬ್ಬ ಮುದುಕಿ ನರ್ಸಮ್ಮನ ಮಹಡಿಯ ಮೇಲೊಂದು ಕೋಣೆ. ಬಂಗಾಳಿಗಳು, ತಮಿಳರು, ಮಲಯಾಳಿಗಳು ತಮ್ಮ ತಮ್ಮವರೊಡನೆ ಹರಟುತ್ತ ಊಟಕ್ಕೆ ಕೂಡುತ್ತಿದ್ದರು. ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಕೋಣೆಯಲ್ಲಿ ಒಬ್ಬರೇ ಇದ್ದಾಗ ದೇವವ್ವ ಸುಮ್ಮನೆ ಏನಾದರೂ ಕನ್ನಡದಲ್ಲಿ ಮಾತಾಡುತ್ತಿದ್ದರಂತೆ. ‘ಇವತ್ತ ಅನ್ನ ಹಸೀದಿತ್ತು ನೋಡವ’ ಅಂತ, ಯಾರಿಗೋ ಹೇಳಿದಂತೆ.

ಹೀಬ್ರೂ ತರಗತಿಯೊಂದೇ ಅವರಿಗೆ ಹಿಡಿಸಿತು. ಆ ಭಾಷೆ ಅಲ್ಲಿ ಯಾರ ಮನೆಯದೂ ಆಗಿರಲಿಲ್ಲ. ಅ, ಆ ಕಲಿಯುವ ಮಕ್ಕಳಂತೆ ಎಲ್ಲರೂ ತಡವರಿಸುತ್ತಿದ್ದರು. ಒಂದು ವರ್ಷ ಮುಗಿಯುವುದರೊಳಗೆ ದೇವವ್ವ ಎಲ್ಲರಿಗಿಂತ ಮುಂದೆ ಹೋದರು.

ಮೂರನೆಯ ವರ್ಷ ನೀಲಪ್ಪ ಎದೆನೋವಿನಿಂದ ತೀರಿಕೊಂಡರು. ತಂತಿ ಕೈಗೆ ಬರುವುದರೊಳಗೆ ಮಣ್ಣಾಗಿ ಎರಡು ದಿನವಾಗಿತ್ತು. “ಅಪ್ಪ ಸತ್ತದ್ದನ್ನ ನಾನು ಇಂಗ್ಲಿಷಿನಾಗ ಹೇಳಬೇಕಾತು,” ಎಂದರು ಟೀಚರು ನನಗೆ. “ಎಲ್ಲಾರೂ ಭಾಳ ಮರ್ಯಾದಿಲೆ ಕೇಳಿದ್ರು. ನನಗ ಅಳು ಬರಲೇ ಇಲ್ಲ.”

ಪದವಿ ಮುಗಿಸಿ ಬೆಟಗೇರಿಗೆ ಬಂದಾಗ, ಅಪ್ಪ ಇದ್ದ ಗೇಟಿನ ಪಕ್ಕದ ಮನೆಯಲ್ಲಿ ಬೇರೆಯವರಿದ್ದರು. ಹಿರಿಯರು ಪ್ರಮಾಣಪತ್ರವನ್ನು ಕೈಯಿಂದ ಕೈಗೆ ಸಾಗಿಸಿ ನೋಡಿದರು. ಹೆಂಗಸು ಪೀಠ ಹತ್ತಿ ಬೋಧನೆ ಮಾಡುವ ರೂಢಿ ಇಲ್ಲವೆಂದು ಹೇಳಿ, ಲಕ್ಷ್ಮೇಶ್ವರದಲ್ಲಿದ್ದ ಎರಡು ಕೋಣೆಯ ಶಾಲೆಗೆ ಕಳಿಸಿದರು. ಆ ಕೆಲಸಕ್ಕೆ ಏಳನೇ ಇಯತ್ತೆ ಪಾಸಾಗಿದ್ದರೂ ಸಾಕಿತ್ತು.

ಲಕ್ಷ್ಮೇಶ್ವರದಲ್ಲಿ ಅವರ ಸಭೆಯ ಮನೆಗಳು ಮೂರೇ. ಮಂದಿ ಒಳ್ಳೆಯವರು, ಹಬ್ಬಕ್ಕೆ ಕರೆದು ಉಣಿಸುವವರು. ಆದರೆ ನಾಲ್ಕು ವರ್ಷ ಕಲಿತದ್ದನ್ನು ಯಾರ ಮುಂದೆ ಆಡುವುದು? ರವಿವಾರ ಪ್ರಾರ್ಥನೆ ಮುಗಿದ ಮೇಲೆ ಶಾಲೆಯ ಕಟ್ಟೆಯ ಮೇಲೆ ಕೂತು ಹೀಬ್ರೂ ಪುಸ್ತಕ ತೆರೆದು ತಮಗೆ ತಾವೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು.

ಹಾಗೆ ಓದುತ್ತಿದ್ದಾಗಲೇ ದಸ್ತಗೀರಸಾಬರು ಬಂದದ್ದು. ಅವರು ಮಸೀದಿಯ ಓಣಿಯಲ್ಲಿ ಮಕ್ಕಳಿಗೆ ಅರಬ್ಬಿ ಓದಿಸುತ್ತಿದ್ದ ಎಪ್ಪತ್ತರ ಮುದುಕರು. ಮೊಮ್ಮಗಳನ್ನು ಶಾಲೆಗೆ ಸೇರಿಸುವ ಮಾತಾಡಲು ಬಂದವರು ಪುಟ ನೋಡಿ ಬಗ್ಗಿದರು.

“ಇದನ್ನೂ ಬಲಗಡೆಯಿಂದ ಓದ್ತೀರೇನ್ರಿ ಬಾಯಾರ?”

ದೇವವ್ವ ಒಂದು ಶಬ್ದ ಓದಿ ತೋರಿಸಿದರು: ಶೆಮೆಶ್, ಸೂರ್ಯ. ನಮ್ಮಲ್ಲಿ ಶಮ್ಸ್ ಅಂತೀವಿ ಎಂದರು ಸಾಬರು. ಬಯಿತ್ ಎಂದರೆ ಮನೆ. ಅದು ಸಾಬರ ಬಾಯಲ್ಲಿ ಬೈತ್. ಜೀವಕ್ಕೆ ಇಲ್ಲಿ ನೆಫೆಶ್, ಅಲ್ಲಿ ನಫ್ಸ್. ಮೊಮ್ಮಗಳ ಮಾತು ಮರೆತೇ ಹೋಯಿತು. ಸಂಜೆಯಾಗಿ ಎದ್ದು ಹೋದವರು ಮುಂದಿನ ರವಿವಾರ ತಾವಾಗಿಯೇ ಬಂದರು.

ಎರಡು ವರ್ಷ ಅದು ನಡೆಯಿತು. ಕಟ್ಟೆಯ ಮೇಲೆ, ಓಣಿಯ ಮಂದಿ ನೋಡುವಂತೆ, ನಡುವೆ ಪುಸ್ತಕ ಇಟ್ಟುಕೊಂಡು ಕೂಡುತ್ತಿದ್ದರು. ಒಮ್ಮೆ ಯಾಹೀದ್ ಎಂಬ ಶಬ್ದ ಬಂತು. ಜೊತೆಗೆ ಯಾರೂ ಇಲ್ಲದವನು ಎಂದು ದೇವವ್ವ ಅರ್ಥ ಹೇಳಿದರು. ಸಾಬರು “ವಹೀದ್,” ಎಂದರು. “ಅದೇ ಐತ್ರಿ.” ದೇವವ್ವನಿಗೆ ಅವತ್ತು ಅಪ್ಪನ ನೆನಪಾಗಿ ಕಣ್ಣು ತುಂಬಿತು. ಸಾಬರು ಮುಂದಿನ ಸಾಲು ಓದಿರಿ ಎಂದರು.

ನಾಡು ಒಂದಾದ ವರ್ಷ, ಶಾಲೆಯ ಮಕ್ಕಳು ಬಾವುಟ ಹಿಡಿದು ಓಣಿ ಓಣಿ ತಿರುಗಿದ ವಾರವೇ, ಹಿರಿಯರ ಕಾಗದ ಬಂತು. ಮುಲ್ಲಾ ನಿಮ್ಮ ಹತ್ತಿರ ಕಲಿಯುತ್ತಾನೋ, ನೀವು ಅವನ ಹತ್ತಿರ ಕಲಿಯುತ್ತೀರೋ ಎಂದು ಕೇಳಿತ್ತು. ಎರಡೂ ಖರೆ ಎಂದು ದೇವವ್ವ ಉತ್ತರ ಬರೆದರು. ಹದಿನೈದು ದಿನದೊಳಗೆ ಮುಂಡರಗಿಗೆ ವರ್ಗವಾಯಿತು.

ದಸ್ತಗೀರಸಾಬರು ಬಸ್ಸಿನವರೆಗೆ ಟ್ರಂಕಿನ ಜೊತೆ ಬಂದರು. “ನೀವು ಸುಳ್ಳ ಬರದು ಕಳಿಸಿದ್ರ ಇಲ್ಲೇ ಇರತಿದ್ರಿ,” ಎಂದರು. “ಖರೆ ಬರದೀರಿ, ನನಗ ಸಮಾಧಾನ ಐತಿ.”

ಮರುವರ್ಷ ಬೇಸಿಗೆ ರಜೆಯಲ್ಲಿ ದೇವವ್ವ ಲಕ್ಷ್ಮೇಶ್ವರಕ್ಕೆ ಹೋದಾಗ ಸಾಬರು ತೀರಿಕೊಂಡು ಐದು ತಿಂಗಳಾಗಿತ್ತು. ಸೊಸೆ ಇವರ ಗುರುತು ಹಿಡಿಯಲಿಲ್ಲ. ಚಹಾ ಕೊಟ್ಟು, ಯಾವ ಊರು ಎಂದು ಕೇಳಿದಳು. ಚಹಾ ಕುಡಿದು ಎದ್ದು ಬಂದರು.

ಮುಂಡರಗಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಲಿಸಿದರು. ಮದುವೆಯಾಗಲಿಲ್ಲ. ನಿವೃತ್ತರಾದ ಮೇಲೆ ಬೆಟಗೇರಿಯ ಹೊಸ ತಲೆಮಾರಿನ ಹಿರಿಯರು ಅವರ ಓದಿನ ಖಬರು ತಿಳಿದು ಮನೆಗೆ ಬಂದು, ಒಂದು ರವಿವಾರ ಪೀಠ ಹತ್ತಿ ಬೋಧನೆ ಮಾಡಬೇಕೆಂದು ಕೈಮುಗಿದು ಕೇಳಿದರು. ನಾನು ಅಲ್ಲೇ ಇದ್ದೆ.

“ಆಗ ಕರದಿದ್ರ ಬರತಿದ್ದೆ,” ಎಂದರು ಟೀಚರು. “ಈಗ ಹೇಳೂ ರೂಢಿ ತಪ್ಪೇತಿ. ಕೇಳಾಕ ಬರತೀನಿ.”

ಹೇಳಿದಂತೆ ಹೋದರು. ನಾನೇ ಕರೆದುಕೊಂಡು ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಕೂತು, ಹರೆಯದ ಪಾದ್ರಿಯೊಬ್ಬ ಹೇಳಿದ್ದನ್ನೆಲ್ಲ ತಲೆ ಬಗ್ಗಿಸಿ ಕೇಳಿದರು. ಅವನು ಚಲೋ ಓದಿಕೊಂಡಾನ ಎಂದಷ್ಟೇ ಅಂದರು. ಊಟಕ್ಕೆ ನಿಲ್ಲಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಮುಂಡರಗಿಗೆ ಬಂದೆವು.