ಟರ್ಬೊ ಹಿಂದಿನ ಮೀಟರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ದೊಡ್ಡಬೀರಪ್ಪ ತರೀಕೆರೆಯ ಗ್ಯಾರೇಜಿನಲ್ಲಿ ತನ್ನ ಲಾರಿಯ ಕರಗಿದ ಪಿಸ್ಟನ್ ಹಿಡಿದು ನಿಂತಿದ್ದ. ಇಪ್ಪತ್ತು ವರ್ಷ ಬೇರೆಯವರ ಲಾರಿ ಓಡಿಸಿದ ಮೇಲೆ ಕೊಂಡ ಮೊದಲ ಸ್ವಂತ ಲಾರಿ ಅದು. ಎಂಜಿನ್ ಸುಡಬಾರದೆಂದೇ ಹೊಗೆಯ ಬಿಸಿ ತೋರಿಸುವ ಮೀಟರ್ ತಂದಿದ್ದ.

ಅದನ್ನು ಕೂರಿಸುವ ದಿನ ಮೆಕ್ಯಾನಿಕ್ ಪ್ರಸನ್ನಕುಮಾರ್ ಹೇಳಿದ್ದ: "ಅಣ್ಣಾ, ಇದರ ಬಿಸಿ ಅಳೆಯೋ ಕಡ್ಡೀನ ಹೊಗೇಲಿ ತಿರುಗೋ ಟರ್ಬೊಗಿಂತ ಮುಂಚೆ, ಎಂಜಿನ್ನಿಂದ ಹೊಗೆ ಹೊರಗೆ ಬರೋ ಮ್ಯಾನಿಫೋಲ್ಡಿಗೇ ತೂತು ಕೊರೆದು ಹಾಕ್ಬೇಕು. ಟರ್ಬೊ ದಾಟಿದ್ಮೇಲೆ ಹೊಗೆ ತಣ್ಣಗಾಗಿರ್ತದೆ, ನೂರೈವತ್ತು ಡಿಗ್ರಿ ಕಮ್ಮಿ ತೋರಿಸ್ತದೆ."

"ಅಂತರಘಟ್ಟಮ್ಮನ ಕುಂಕುಮ ಹಚ್ಚಿಸ್ಕೊಂಡು ಬಂದಿರೋ ಎಂಜಿನ್ ಕಣೋ! ತೂತು ಗೀತು ಅಂದ್ರೆ ನೋಡು. ಟರ್ಬೊ ಹಿಂದ್ಲ ಪೈಪಿಗೆ ಹಾಕು," ಎಂದಿದ್ದ ದೊಡ್ಡಬೀರಪ್ಪ.

ಹಿಂದಿನ ಪೈಪಿಗೇ ಹಾಕಿದ್ದಾಯಿತು. ಕಮ್ಮಿ ತೋರಿಸುತ್ತದೆಂಬ ಮಾತನ್ನು ದೊಡ್ಡಬೀರಪ್ಪ ವಾರದೊಳಗೆ ಮರೆತ.

ನಿನ್ನೆ ಸಖರಾಯಪಟ್ಟಣದಲ್ಲಿ ತೆಂಗಿನಕಾಯಿ ಹೇರಿಕೊಂಡು ದಿಬ್ಬ ಹತ್ತುವಾಗ ಪಕ್ಕದಲ್ಲಿದ್ದ ಹೆಂಡತಿ ಭುವನಾ, "ಹೊಗೆ ಕರ್ರಗೆ ಬತ್ತೈತೆ ಕಣ್ರೀ, ನಿಲ್ಸಿ," ಎಂದಿದ್ದಳು. ಈಗ ಅವಳು ಗ್ಯಾರೇಜಿನ ಬಾಗಿಲಲ್ಲಿ ನಿಂತು ಪಿಸ್ಟನ್ ನೋಡಿದಳು. ಅವನು ಮುಖ ಆಚೆ ತಿರುಗಿಸಿದ. ನಿನ್ನೆ ಅವನು ಮೀಟರಿನ ಗಾಜು ಕುಟ್ಟಿ ಅವಳನ್ನು ಗದರಿದ್ದ: "ಏಳ್ನೂರು ದಾಟಿದ್ರೆ ತಾನೇ ಭಯ? ಕಣ್ಬಿಟ್ ನೋಡೇ, ಐನೂರ ಎಂಬತ್ತು!"