ಬಿದಿರು ಬುಟ್ಟಿಯ ಪಂಚಮಿ

ಅಕ್ಕನನ್ನು ನಾಗರಪಂಚಮಿಗೆ ತವರೂರು ಬನಹಟ್ಟಿಗೆ ಕರೆದೊಯ್ಯಲು ಮುಂಬೈಗೆ ಬಂದಿದ್ದೆ. ಅವಳ ಬ್ಯಾಂಕಿನವರು ರಜೆ ಕೊಡಲಿಲ್ಲ. ಹಬ್ಬದ ಸಂಜೆ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಅವಳು ಹೊಸದಾಗಿ ತೆರೆದ, ಡಿಮ್ ಸಮ್ ಎಂಬ ಚೀನೀ ತಿನಿಸಿನ ಹೋಟೆಲಿಗೆ ಎಳೆದುಕೊಂಡು ಹೋದಳು.

ಗಾಜಿನಾಚೆ ಸಮುದ್ರವೂ ಮಳೆಯೂ ಒಂದೇ ಬಣ್ಣವಾಗಿದ್ದವು. ಬಡಿಸುವವನು ಬಿದಿರಿನ ಪುಟ್ಟ ಬುಟ್ಟಿಯ ಮುಚ್ಚಳ ತೆಗೆದಾಗ ಹಬೆಯೆದ್ದು ಅಕ್ಕ ಕಾಣದಾದಳು. ಹಬೆ ಕರಗಿದ ಮೇಲೆ ನೋಡಿದರೆ ಒಳಗೆ ಕಡಬು! ಅಂಚು ಮಡಿಚಿದ, ಒಳಗಿನ ಪಲ್ಯದ ಹಸಿರು ಕಾಣುವಷ್ಟು ತೆಳುವಾದ ಕಡಬು.

"ಇವತ್ತ ಕರಿಯಂಗಿಲ್ಲ, ಹುರಿಯಂಗಿಲ್ಲ. ಇವು ಹಬಿಯೊಳಗ ಬೆಂದಾವು, ನಡೀತೈತಿ. ತಿನ್ನು," ಎಂದಳು ಅಕ್ಕ.

ಭಾವನಿಗೆಂದು ಅವ್ವ ಕೊಟ್ಟಿದ್ದ ತುಪ್ಪದ ಡಬ್ಬಿ ಇನ್ನೂ ನನ್ನ ಚೀಲದಲ್ಲೇ ಇತ್ತು. ಅಕ್ಕ ಸಾಸಿನ ಬಟ್ಟಲನ್ನು ಅತ್ತ ಸರಿಸಿ, ಕಡಬು ಮುರಿದು ತುಪ್ಪ ಸುರಿದುಕೊಂಡಳು. ಕಣ್ಣು ಮುಚ್ಚಿ ತಿಂದಳು.

"ಅವ್ವ ದಾರಿ ಕಾಯಾಕತ್ತಾಳ. ಹೋಗಿ ಏನಂತ ಹೇಳ್ಲಿ?" ಎಂದೆ.

ಬುಟ್ಟಿಯಲ್ಲಿ ಒಂದೇ ಉಳಿದಿತ್ತು. ನಾನು ಕೈ ಚಾಚಿದೆ. ಅಕ್ಕ ಮುಚ್ಚಳ ಮುಚ್ಚಿ, ಅದರ ಮೇಲೆ ಅಂಗೈ ಇಟ್ಟಳು.

"ಇರ್ಲಿ ಬಿಡೋ ತಮ್ಮಾ. ತವರಮನಿ ಬುಟ್ಟಿ ಬರಿದು ಮಾಡಿ ಏಳಬಾರ್ದು."